ವಾಡೇದ ಮುಂಬಾಗಿಲು, ಹಿತ್ತಲ ಬಾಗಿಲು

ಈ ಸಲ ಬರಹ ಸ್ವಲ್ಪ ಉದ್ದ ಆಗಿದೆ, ಪುರುಸೊತ್ತು ಮಾಡಿಕೊಂಡು ಓದಿರಿ.

ಹೋದ ವಾರ ಒಂದೇ ರೀಲ್ ನನ್ನ ಫೋನಿಗೆ ನಾಲ್ಕು ಗ್ರೂಪಿನಿಂದ ಬಂತು. ನಮ್ಮ ಪೇಟೆಯ ಒಂದು ಹಳೇ ವಾಡೇದ್ದು. ಸಾಗವಾನಿ ಕಂಬ, ಕೆತ್ತನೆ ಬಾಗಿಲು, ಎದೆಮಟ್ಟ ಕಟ್ಟೆ, ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬಿಸಿಲು. ಆ ವಾಡೇದ ರಸ್ತೆ ಕಡೆಯ ಪಡಸಾಲೆಯಲ್ಲಿ ಎರಡು ವರ್ಷದಿಂದ ಒಂದು ತಿನಿಸಿನ ಅಂಗಡಿ ಇದೆ. ಕರದಂಟು, ಕುಂದಾ, ಪೇಡೆ, ಅಂಟಿನುಂಡಿ, ಶೇಂಗಾ ಹೋಳಿಗೆ, ಬಾಟಲಿ ತುಂಬಿದ ಚಟ್ನಿಪುಡಿ. ರೀಲ್ ಮಾಡಿದ ಹುಡುಗ ಬೆಂಗಳೂರು ಕಡೆಯವನಿರಬೇಕು, ಮಾತು ಹಂಗಿತ್ತು. ‘ಈ ಮನೆ ಒಳಗೆ ಕಾಲಿಟ್ರೆ ಅಜ್ಜಿಮನೆಗೆ ಬಂದಂಗಾಗುತ್ತೆ’ ಅಂದ. ಕೆಳಗೆ ರಾಶಿ ರಾಶಿ ಲೈಕು. ನಮ್ಮವರೂ ಒತ್ತಿದ್ದಾರೆ. ನಾನೂ ಒತ್ತಿದೆ, ಸುಳ್ಳು ಯಾಕೆ ಹೇಳಲಿ.

ಒತ್ತಿದ ಮ್ಯಾಲೆ ಅನಿಸಿತು. ಯಾರ ಅಜ್ಜಿಮನಿ?

ಊರಿನ ಹೆಸರು ಹೇಳುವುದಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕರಲ್ಲಿ ಒಂದು ಅಂದುಕೊಳ್ಳಿ. ಆ ಮನೆಯವರನ್ನು ಬೀದಿಗೆ ಎಳೆಯುವುದು ನನ್ನ ಉದ್ದೇಶ ಅಲ್ಲ, ಮತ್ತೆ ಇಂಥ ವಾಡೇ ಒಂದೇ ಊರಲ್ಲಿ ಇರುವುದೂ ಅಲ್ಲ. ಹಿಂದೆ ಬೈಲಹೊಂಗಲ ಸೀಮೆಗೆ ಸಂಪಗಾಂವ ತಾಲೂಕು ಅನ್ನುತ್ತಿದ್ದರು, ಸವದತ್ತಿ ಕಡೆಗೆ ಪರಸಗಡ ತಾಲೂಕು. ಇವೆರಡೂ ಇಂಗ್ಲಿಷರ ಮುಂಬೈ ಪ್ರಾಂತ. ರಾಮದುರ್ಗ ಭಾವೆ ಮನೆತನದ ಬೇರೆ ಸಂಸ್ಥಾನ, 1948ರಲ್ಲಿ ವಿಲೀನ ಆಯಿತು. ಸರಕಾರ ಬೇರೆ ಬೇರೆ ಇದ್ದವು. ನಮಗೆ ಹೊಸ್ತಿಲು ಮಾತ್ರ ಎಲ್ಲಾ ಕಡೆ ಒಂದೇ ಇತ್ತು.

ನನಗೆ ಆ ವಾಡೇ ಮೊದಲು ಗೊತ್ತಾಗಿದ್ದು ಹಿಂದಿನಿಂದ. ನಮ್ಮವ್ವ ಅಲ್ಲಿ ಹಿತ್ತಲ ಕಸ ಹೊಡೆಯಲು, ಸೆಗಣಿ ಬಳಿಯಲು, ಕುಳ್ಳು ತಟ್ಟಲು ಹೋಗುತ್ತಿದ್ದಳು. ಐದಾರು ವರ್ಷದ ನಾನು ಸೆರಗು ಹಿಡಿದು ಬೆನ್ನ ಹಿಂದೆ. ಹಿತ್ತಲ ಬಾಗಿಲಿಗೆ ಒಂದು ಕಲ್ಲಿನ ಹೊಸ್ತಿಲು. ಅದರ ಆಚೆ ಬಾಯಾರು, ಈಚೆ ಅವ್ವ. ಮಧ್ಯಾಹ್ನ ಎರಡು ರೊಟ್ಟಿ, ಒಂದಿಷ್ಟು ಪಲ್ಯ ಮೇಲಿಂದ ಬೀಳುತ್ತಿತ್ತು, ಅವ್ವ ಸೆರಗೊಡ್ಡುತ್ತಿದ್ದಳು. ಮಜ್ಜಿಗೆಗೆ ಚರಗಿ ನಾವೇ ಒಯ್ಯಬೇಕು. ಚರಗಿಗೆ ಅವರ ಪಾತ್ರೆ ತಾಗಬಾರದು, ಅದಕ್ಕೇ ಅಷ್ಟು ಎತ್ತರದಿಂದ ಸುರಿಯುತ್ತಿದ್ದರು. ಅರ್ಧ ನೆಲಕ್ಕೆ ಹೋಗುತ್ತಿತ್ತು. ಬಾಯಾರು ಕೆಟ್ಟವರಲ್ಲ. ನನಗೆ ಜ್ವರ ಬಂದಾಗ ಗುಳಿಗೆ ಕಳಿಸಿದ್ದರು. ಕೆಟ್ಟವರಲ್ಲದವರೂ ಹಾಗೆ ಮಾಡುತ್ತಿದ್ದರು ಎಂಬುದನ್ನೇ ನಾನು ಹೇಳುತ್ತಿರುವುದು.

ನಮ್ಮ ಕಡೆಯ ಹಳೇ ಮನೆ ನೋಡಿದವರಿಗೆ ಗೊತ್ತು, ಮುಂಬಾಗಿಲು ದಾಟಿದ ಕೂಡಲೇ ದನದ ಗ್ವಾದಲಿ. ಒಂದೇ ಮಾಳಿಗೆ ಕೆಳಗೆ ಒಂದು ಕಡೆ ಎತ್ತು, ಎಮ್ಮೆ; ನಾಲ್ಕು ಮೆಟ್ಟಿಲು ಮೇಲೆ ಪಡಸಾಲೆ, ಅದರಾಚೆ ಅಡಿಗಿಮನಿ, ದೇವರಮನಿ. ಎತ್ತು ಸಂಜೆ ಹೊಲದಿಂದ ಬಂದು ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತಿತ್ತು, ಹಬ್ಬದ ದಿನ ಅದಕ್ಕೆ ಆರತಿ ಬೇರೆ. ಆ ಎತ್ತು ಸತ್ತ ದಿವಸ ನಮ್ಮಜ್ಜನಿಗೆ ಕರೆ ಬರುತ್ತಿತ್ತು. ನಮ್ಮಜ್ಜ ತನ್ನ ಜೀವಮಾನದಲ್ಲಿ ಆ ವಾಡೇದ ಮುಂಬಾಗಿಲು ದಾಟಿದ್ದು ಸತ್ತ ದನ ಎಳೆಯಲಿಕ್ಕೆ ಮಾತ್ರ. ಎಳೆದು ಒಯ್ದ ಮೇಲೆ ಅವನು ಕಾಲಿಟ್ಟಲ್ಲೆಲ್ಲ ಗೋಮೂತ್ರ ಚಿಮುಕಿಸಿ ಸಾರಿಸುತ್ತಿದ್ದರಂತೆ. ಅಜ್ಜ ಇದನ್ನು ನಗುತ್ತಾ ಹೇಳುತ್ತಿದ್ದ. ಅವನು ಯಾಕೆ ನಗುತ್ತಿದ್ದ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ಈಗ ಅದೇ ಗ್ವಾದಲಿ ಇದ್ದ ಜಾಗದಲ್ಲಿ ಗಾಜಿನ ಕಪಾಟು, ತೂಕದ ಯಂತ್ರ, ಫೋನ್ ಪೇ ಸ್ಕ್ಯಾನರು.

ಮಗ ಎಸ್‌ಎಸ್‌ಎಲ್‌ಸಿ ಪಾಸಾದ ದಿನ ನಾನು ಮುಂಬಾಗಿಲಿನಿಂದ ಒಳಗೆ ಹೋದೆ. ಅರ್ಧ ಕಿಲೋ ಕರದಂಟು ಕೊಡ್ರಿ ಅಂದೆ. ‘ಬರ್ರಿ ಅಕ್ಕಾರ, ರುಚಿ ನೋಡ್ರಿ ಮೊದಲ’ ಅಂತ ಹುಡುಗ ಅಂಗೈಗೇ ಒಂದು ತುಣುಕು ಇಟ್ಟ. ಅವನ ಬೆರಳು ನನ್ನ ಅಂಗೈಗೆ ತಾಗಿತು. ಅವನಿಗೆ ಅದು ಏನೂ ಅಲ್ಲ. ನಾನು ಕಂಬ ಹಿಡಿದು ನಿಂತೆ. ಅವ್ವ ಇದ್ದಿದ್ದರೆ ಕರಕೊಂಡು ಬರುತ್ತಿದ್ದೆ ಅನಿಸಿತು. ಇದು ಸಣ್ಣ ಬದಲಾವಣೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಮ್ಮ ಕೆಲವು ಸಂಗಾತಿಗಳು ‘ಏನೂ ಬದಲಾಗಿಲ್ಲ’ ಅಂತ ಭಾಷಣ ಮಾಡುತ್ತಾರಲ್ಲ, ಅವರಿಗೆ ಆ ಮಜ್ಜಿಗೆ ಚರಗಿ ಹಿಡಿದು ಗೊತ್ತಿಲ್ಲ.

ಆದರೆ ಆ ಬದಲಾವಣೆ ವಾಡೇದವರ ಮನಸ್ಸು ಕರಗಿ ಬಂದದ್ದಲ್ಲ. ಅದನ್ನು ಬರೆದು ತಂದಿದ್ದು. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ತೆಗೆದು ನೋಡಿ. ಬಾವಿ, ಕೆರೆ, ರಸ್ತೆಗಿಂತ ಮೊದಲು ಬರುವ ಪದ ‘ಅಂಗಡಿ’. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಕರಡಿನ ಮೇಲೆ ಚರ್ಚೆ ನಡೆಯಿತು. ಅಸ್ಪೃಶ್ಯತೆ ರದ್ದು ಮಾಡುವ ವಿಧಿ ಒಪ್ಪಿಗೆಯಾದದ್ದೂ ಅದೇ ದಿನ. ಅಂಗಡಿ ಅಂದರೆ ಯಾವುದು ಎಂಬ ಪ್ರಶ್ನೆ ಎದ್ದಾಗ ಬಾಬಾಸಾಹೇಬರು ಕೊಟ್ಟ ಉತ್ತರದ ತಾತ್ಪರ್ಯ ಇಷ್ಟು: ಬರೀ ಒಳಗೆ ಕಾಲಿಡಲು ಬಿಟ್ಟರೆ ಸಾಲದು, ಕೇಳಿ ಬಂದವರಿಗೆ ತನ್ನ ಸೇವೆ ಕೊಡಲು ಯಾರು ತಯಾರಾಗಿ ಕೂತಿದ್ದಾರೋ ಆ ಜಾಗವೆಲ್ಲ ಅಂಗಡಿಯೇ, ಮತ್ತು ಆ ಸೇವೆ ಇವರಿಗೂ ಸಿಗಬೇಕು. ಎಷ್ಟು ದೂರ ಯೋಚನೆ ಮಾಡಿ ಇಟ್ಟಿದ್ದರು ನೋಡಿ. ಒಳಗೆ ಬಿಟ್ಟುಕೊಂಡು, ಬೇರೆ ಲೋಟದಲ್ಲಿ ಚಹಾ ಕೊಟ್ಟು ‘ನಾವು ಬಿಟ್ಟೇವಲ್ಲ’ ಅನ್ನುವವರು ಬರುತ್ತಾರೆ ಅಂತ ಅವರಿಗೆ ಅವತ್ತೇ ಗೊತ್ತಿತ್ತು.

ಅದು ಬರೀ ಕಾಗದದ ಮಾತಲ್ಲ ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕೊಪ್ಪಳ ಜಿಲ್ಲೆಯ ಮರಕುಂಬಿ ನೆನಪಿದೆಯಲ್ಲ. ಕ್ಷೌರದಂಗಡಿ, ಹೋಟೆಲ್ಲಿನೊಳಗೆ ನಮ್ಮವರನ್ನು ಬಿಡುವುದಿಲ್ಲ ಎಂಬುದರಿಂದ ಕುದಿಯುತ್ತಿದ್ದ ಊರು. 2014ರ ಆಗಸ್ಟಿನಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. ತೀರ್ಪು ಬರಲು ಹತ್ತು ವರ್ಷ ಹಿಡಿಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಮುಂದಿನ ತಿಂಗಳೇ ಬಹುತೇಕರಿಗೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ಜಾಮೀನು ಸಿಕ್ಕಿತು. ಒಂದು ಅಂಗಡಿಯ ಹೊಸ್ತಿಲು ದಾಟಲು ಇವತ್ತಿಗೂ ಇಷ್ಟು ಬೆಲೆ ಇದೆ.

ಇಲ್ಲಿವರೆಗೆ ಹೇಳಿದ್ದು ಕೊಳ್ಳುವವರ ಮಾತು. ನಾನು ಈ ಬರಹಕ್ಕೆ ಕೂತದ್ದು ಕಪಾಟಿನ ಆಚೆ ಬದಿಯ ಸಲುವಾಗಿ, ಅಂದರೆ ಮಾರುವವರ ಬದಿ.

ನಮ್ಮ ಓಣಿಯ ಹನ್ನೊಂದು ಹೆಣ್ಣುಮಕ್ಕಳು ಮೂರು ವರ್ಷದಿಂದ ಕಟಕ ರೊಟ್ಟಿ ಮಾಡುತ್ತಾರೆ. ನನ್ನ ತಂಗಿಯೇ ಮುಂದಾಳು. ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಕರ್ಚಿಕಾಯಿ. ಮಾಲು ಹೋಗುವುದು ಒಬ್ಬ ಏಜೆಂಟನ ಕೈಯಿಂದ ಖಾನಾವಳಿಗಳಿಗೆ. ಚೀಲದ ಮೇಲೆ ಹೆಸರಿಲ್ಲ, ಊರಿಲ್ಲ. ಹೆಸರಿಲ್ಲದ ರೊಟ್ಟಿ ಎಲ್ಲರ ಹೊಟ್ಟೆಗೂ ಹೋಗುತ್ತದೆ, ಯಾರಿಗೂ ಏನೂ ಆಗಿಲ್ಲ. ಆದರೆ ಏಜೆಂಟ್ ಕೊಡುವ ದರದಲ್ಲಿ ಹಿಟ್ಟು, ಕಟ್ಟಿಗೆ, ಗ್ಯಾಸ್ ಕಳೆದರೆ ಒಬ್ಬೊಬ್ಬರ ಕೈಗೆ ಕೂಲಿಗಿಂತ ಹೆಚ್ಚೇನೂ ಉಳಿಯುವುದಿಲ್ಲ. ಪೇಟೆಯಲ್ಲಿ ನಮ್ಮದೇ ಒಂದು ಅಂಗಡಿ ಇರಲಿ ಅಂತ ಆಸೆ ಹುಟ್ಟಿತು.

ಆ ವಾಡೇಕ್ಕೆ ರಸ್ತೆ ಕಡೆ ಎರಡು ಕೋಣೆ. ಒಂದರಲ್ಲಿ ಈಗಿನ ಅಂಗಡಿ, ಇನ್ನೊಂದು ಕೀಲಿ ಹಾಕಿ ಬಿದ್ದಿದೆ. ‘ಬಾಡಿಗೆಗೆ ಕೊಡುವುದಿದೆ’ ಅಂತ ಬಾಗಿಲ ಮೇಲೆ ಚೀಟಿ. ಮಾಲಕರು ಪುಣೆಯಲ್ಲಿ, ಇಲ್ಲಿ ವ್ಯವಹಾರ ನೋಡಿಕೊಳ್ಳಲು ಒಬ್ಬರಿದ್ದಾರೆ. ತಂಗಿ, ನಾನು, ಇನ್ನೊಬ್ಬಾಕೆ ಮೂವರೂ ಹೋದೆವು. ಭಾರೀ ಮರ್ಯಾದೆಯಿಂದ ಮಾತಾಡಿಸಿದರು, ಚಹಾ ತರಿಸಿದರು. ಚಹಾ ಎಲ್ಲರಿಗೂ ಒಂದೇ ಥರದ ಕಪ್ಪಿನಲ್ಲೇ ಬಂತು, ನೋಡಿಕೊಂಡೆ. ಹಳೇ ಚಟ.

‘ಏನ್ ಹಾಕಬೇಕಂತೀರಿ ಅಕ್ಕಾರ?’

‘ರೊಟ್ಟಿ, ಚಟ್ನಿ, ಶೇಂಗಾ ಹೋಳಿಗಿರಿ.’

‘ಛಲೋ ಆತಲ್ರಿ, ಇಲ್ಲಿ ಮಸ್ತ್ ನಡೀತೈತಿ. ನಿಮ್ಮ ಅಡ್ಡಹೆಸ್ರು ಏನಂದ್ರಿ?’

ತಂಗಿ ಹೇಳಿದಳು.

‘ಮನಿ ಯಾವ ಓಣ್ಯಾಗ?’

ಅದನ್ನೂ ಹೇಳಿದಳು. ಅವರು ತಲೆ ಅಲ್ಲಾಡಿಸಿದರು, ಮಾಲಕರಿಗೆ ಕೇಳಿ ಹೇಳತೀನಿ ಅಂದರು.

ಮರುದಿನ ನಾನು ಆಫೀಸಿನಲ್ಲಿ ಟಪಾಲು ಬರೆಯುತ್ತಾ ಕೂತಾಗ ಫೋನ್ ಬಂತು. ‘ಅಕ್ಕಾರ, ತಪ್ಪ ತಿಳೀಬ್ಯಾಡ್ರಿ. ಮಾಲಕರು ಉಣ್ಣೂ ತಿನ್ನೂ ಪದಾರ್ಥ ಬ್ಯಾಡ ಅಂತಾರ್ರಿ. ಕಟ್ಟಗಿ ಮನಿ ನೋಡ್ರಿ, ಇರಿವಿ, ಇಲಿ ಆಗ್ತಾವಂತ. ಜೆರಾಕ್ಸ್ ಅಂಗಡಿ ಹಾಕ್ತೀರಂದ್ರ ನಾಳೇನ ಕೀಲಿ ಕೊಡ್ತೀನಿ. ಬಳಿ, ಸ್ಟೇಶನರಿ ಆದ್ರೂ ನಡೀತೈತ್ರಿ.’

ಅದೇ ಕಟ್ಟಿಗೆ ಮನೆಯ ಪಕ್ಕದ ಕೋಣೆಯಲ್ಲಿ ದಿನವಿಡೀ ಸಕ್ಕರೆ, ಬೆಲ್ಲ, ಕುಂದಾ. ಅಲ್ಲಿ ಇರುವೆ ಬರುವುದಿಲ್ಲ ಅಂತ ಕಾಣುತ್ತದೆ.

ಜೆರಾಕ್ಸ್ ನಡೆಯುತ್ತದೆ, ರೊಟ್ಟಿ ನಡೆಯುವುದಿಲ್ಲ. ಈ ಒಂದು ಮಾತಿನ ಮೇಲೆ ನಾನು ಬಹಳ ದಿನ ಯೋಚನೆ ಮಾಡಿದ್ದೇನೆ. ನಮ್ಮನ್ನು ಪೇಟೆಯಿಂದ ಹೊರಗೆ ಹಾಕಬೇಕು ಅನ್ನುವುದು ಅವರ ಮನಸ್ಸಿನಲ್ಲಿ ಇಲ್ಲ, ಅದನ್ನು ನಾನು ನಂಬುತ್ತೇನೆ. ನಮ್ಮ ಕೈ ಕಾಗದಕ್ಕೆ ತಾಗಿದರೆ ತೊಂದರೆ ಇಲ್ಲ. ಹಿಟ್ಟಿಗೆ ನೀರು ಬೀಳುವ ತನಕವೂ ತೊಂದರೆ ಇಲ್ಲ. ಆ ಜೋಳ ಬಿತ್ತಿದ್ದು, ಕಳೆ ತೆಗೆದದ್ದು, ಕೊಯ್ದದ್ದು ಯಾರ ಕೈ? ಶೇಂಗಾ ಹರಿದದ್ದು ಯಾರು? ಕರದಂಟು ಅಂದರೆ ಕರಿದ ಅಂಟು, ತುಪ್ಪದಲ್ಲಿ ಅರಳಿಸಿದ ಗೋಂದು. ನಮ್ಮ ಓಣಿಯ ಮುದುಕಿಯರು ಜಾಲಿ ಗಿಡದ ಅಂಟು ಬಿಡಿಸಿ ತಂದು ಪೇಟೆಯ ಕಿರಾಣಿ ಅಂಗಡಿಗೆ ತೂಕದ ಮೇಲೆ ಕೊಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಆ ಅಂಟು ದೇವರ ನೈವೇದ್ಯಕ್ಕೂ ಹೋಗಿದ್ದೀತು. ಜೋಳಕ್ಕೆ ಮೈಲಿಗಿ ಇಲ್ಲ, ರೊಟ್ಟಿಗೆ ಐತಿ. ಬೆಂಕಿ ಮ್ಯಾಲೆ ಇಟ್ಟ ಕೂಡಲೇ ಜಾತಿ ಬರುವುದು ಯಾವ ವಿಜ್ಞಾನ ಅಂತ ಗೊತ್ತಿದ್ದವರು ಹೇಳಿ.

ಇದು ವಾಡೇದ ಕಥೆ ಮಾತ್ರ ಅಲ್ಲ. 2025ರ ಜೂನ್ ತಿಂಗಳಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರಕಾರಿ ಶಾಲೆಯ ಸುದ್ದಿ ಓದಿದ್ದೀರಿ. ಬಿಸಿಯೂಟಕ್ಕೆ ದಲಿತ ಹೆಣ್ಣುಮಗಳು ಅಡಿಗೆ ಮಾಡುತ್ತಾಳೆ ಅಂತ ಪಾಲಕರು ಮಕ್ಕಳನ್ನು ಬಿಡಿಸಿಕೊಂಡು ಹೋದರೆಂದು ಪತ್ರಿಕೆಗಳು ಬರೆದವು. ಸರಕಾರದ ಅಕ್ಕಿ, ಸರಕಾರದ ಬೇಳೆ. ಅಡ್ಡ ಬಂದದ್ದು ಸೌಟು ಹಿಡಿದ ಕೈ ಒಂದೇ.

ಈಗ ‘ಪರಂಪರೆಯ ರುಚಿ’ಗೆ ಬರೋಣ. ನನಗೂ ಧಾರವಾಡ ಪೇಡೆ ಇಷ್ಟ. ಕೋರ್ಟ್ ಕೆಲಸಕ್ಕೆ ಧಾರವಾಡಕ್ಕೆ ಹೋದಾಗೆಲ್ಲ ಲೈನ್ ಬಜಾರಿನ ಬಾಬುಸಿಂಗ್ ಠಾಕೂರರ ಹಳೇ ಅಂಗಡಿ ಮುಂದೆ ಪಾಳಿ ಹಚ್ಚಿ ನಿಂತಿದ್ದೇನೆ. ಆ ಪಾಳಿಯಲ್ಲಿ ಯಾರೂ ಯಾರ ಅಡ್ಡಹೆಸರೂ ಕೇಳುವುದಿಲ್ಲ. ಖವಾ ಸಕ್ಕರೆ ಕಂದು ಬಣ್ಣ ಬರುವ ತನಕ ಕಾಯಿಸಿ, ಉಂಡೆ ಕಟ್ಟಿ, ಸಕ್ಕರೆಪುಡಿಯಲ್ಲಿ ಹೊರಳಿಸುವ ಆ ಕೆಲಸ ಬಹಳ ಶ್ರಮದ್ದು. ಆ ಮನೆತನದ ಹಿರಿಯರು 19ನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಉತ್ತರಪ್ರದೇಶದ ಉನ್ನಾವ್ ಕಡೆಯಿಂದ ಧಾರವಾಡಕ್ಕೆ ಬಂದವರು ಅಂತ ಹೇಳುತ್ತಾರೆ. ಇವತ್ತು ಆ ತಿನಿಸಿಗೆ ಧಾರವಾಡದ ಹೆಸರು, ಮೇಲೆ ಜಿಐ ಮಾನ್ಯತೆ. ಬೆಳಗಾವಿ ಕುಂದಾದ ಕಥೆಯೂ ಹಂಗೇ, ರಾಜಸ್ಥಾನದಿಂದ ಬಂದವರ ಕೈಚಳಕ ಅನ್ನುತ್ತಾರೆ. ಅವರ ದುಡಿಮೆಯ ಬಗ್ಗೆ ನನ್ನದೇನೂ ತಕರಾರಿಲ್ಲ, ಊರು ಬಿಟ್ಟು ಬಂದವರಿಗೆ ಊರು ಕೊಟ್ಟದ್ದು ನಮ್ಮ ನೆಲದ ದೊಡ್ಡ ಗುಣ. ನನ್ನ ಪ್ರಶ್ನೆ ಈ ನೆಲದವರಿಗೆ. ಸಾವಿರ ಮೈಲಿ ಆಚೆಯಿಂದ ಬಂದವರು ಕಾಯಿಸಿದ ಹಾಲನ್ನು ಒಂದು ತಲೆಮಾರಿನೊಳಗೆ ನಮ್ಮದು ಅಂದಿರಿ. ಊರ ತುದಿಯ ಓಣಿಯಲ್ಲಿ ಹುಟ್ಟಿ ಬೆಳೆದವರ ಕೈ ರೊಟ್ಟಿ ಯಾವಾಗ ನಿಮ್ಮದಾಗುತ್ತದೆ?

ಬೋರ್ಡಿನ ಮಾತು ತೆಗೆದರೆ ನಮಗೆ ಉಪದೇಶ ಸುರು: ‘ಊಟದಾಗ ಜಾತಿ ಯಾಕ ತರ್ತೀರಿ?’ ತಂದವರು ನಾವಾ? ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ‘ಬ್ರಾಹ್ಮಿನ್ಸ್ ಕಾಫಿ ಬಾರ್’ ಇದೆ. ಅಯ್ಯಂಗಾರ್ ಬೇಕರಿ ಇಲ್ಲದ ಊರು ಕರ್ನಾಟಕದಲ್ಲಿ ಹುಡುಕಬೇಕು. ನಮ್ಮ ಕಡೆ ಲಿಂಗಾಯತ ಖಾನಾವಳಿ ಅಂತ ಬೋರ್ಡು ಹಾಕಿಕೊಂಡು ಊಟ ಬಡಿಸಿದ್ದಾರೆ, ನಾವು ಉಂಡು ಎದ್ದಿದ್ದೇವೆ. ಆ ಹೆಸರು ಕಂಡರೆ ಜನಕ್ಕೆ ‘ಶುಚಿ’ ಅನಿಸುತ್ತದೆ, ಜಾತಿ ಅನಿಸುವುದಿಲ್ಲ. 2016ರಲ್ಲಿ ಚಂದ್ರಭಾನ್ ಪ್ರಸಾದ್ ಅವರು ‘ದಲಿತ್ ಫುಡ್ಸ್’ ಅಂತ ಹೆಸರಿಟ್ಟು ಮಸಾಲೆ, ಉಪ್ಪಿನಕಾಯಿ ಮಾರಲು ಹೊರಟಾಗ ಮಾತ್ರ ಅದು ದೇಶದ ತುಂಬ ಸುದ್ದಿ ಆಯಿತು. ಖಾರದಪುಡಿ ಡಬ್ಬಿ ಸುದ್ದಿ ಆಗುತ್ತದೆ ಅಂದರೆ ಏನರ್ಥ, ನೀವೇ ಹೇಳಿ.

ಕೇಸು ಯಾಕೆ ಹಾಕಲಿಲ್ಲ ಅಂತ ಕೆಲವರು ಕೇಳಿದ್ದಾರೆ. ಕಾನೂನು ಇದೆ. 1955ರ ಅಸ್ಪೃಶ್ಯತಾ ಕಾಯ್ದೆ, 1976ರಿಂದ ಅದಕ್ಕೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು, ಅದರ 4ನೇ ಕಲಮಿನಲ್ಲಿ ವ್ಯಾಪಾರ, ಉದ್ಯೋಗ ನಡೆಸಲು ಅಡ್ಡಿ ಮಾಡುವುದು ಅಪರಾಧ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಆಗಿ, 2016ರ ಜನವರಿ 26ರಿಂದ ಆರ್ಥಿಕ ಬಹಿಷ್ಕಾರವೂ ಅದರೊಳಗೆ ಬಂದಿದೆ. ನಾಲ್ಕು ಮಂದಿಯ ಜೊತೆ ಮಾಡುವ ವ್ಯವಹಾರವನ್ನು ನಮ್ಮ ಜೊತೆ ಮಾಡಲು ನಿರಾಕರಿಸುವುದು ಆ ವ್ಯಾಖ್ಯೆಯಲ್ಲಿದೆ. ಆದರೆ ಫೋನಿನಲ್ಲಿ ಬಂದ ಮಾತು ಏನು? ಇರುವೆ, ಇಲಿ. ಜಾತಿಯ ಹೆಸರು ಎಲ್ಲೂ ಇಲ್ಲ. ಇಪ್ಪತ್ತು ವರ್ಷ ಆಫೀಸಿನಲ್ಲಿ ಕಡತ ನೋಡಿದವಳು ನಾನು, ಯಾವ ಕಾಗದ ನಿಲ್ಲುತ್ತದೆ, ಯಾವುದು ಬೀಳುತ್ತದೆ ಅಂತ ತಕ್ಕಮಟ್ಟಿಗೆ ಗೊತ್ತಾಗುತ್ತದೆ. ನಾನು ಆದರೂ ಕೊಡೋಣ ಅಂದೆ. ಹನ್ನೊಂದು ಜನರಲ್ಲಿ ಒಂಬತ್ತು ಜನ ಬೇಡ ಅಂದರು. ‘ಕೇಸ್ ಗೆದ್ರ ಕೋಣಿ ಸಿಗಬಹುದು. ರೊಟ್ಟಿ ಕೊಳ್ಳಾಕ ಪೊಲೀಸರನ್ನ ಕರಕೊಂಡ ಬರೂದ?’ ಅಂತ ಒಬ್ಬಾಕೆ ಕೇಳಿದಳು. ಉತ್ತರ ಇರಲಿಲ್ಲ ನನ್ನ ಬಳಿ. ಮಾರುವವನು ನಮಗೆ ಮಾರಲೇಬೇಕು ಅಂತ ಕಾನೂನು ಹೇಳಬಹುದು. ಕೊಳ್ಳುವವನು ನಮ್ಮ ಹತ್ತಿರ ಕೊಳ್ಳಲೇಬೇಕು ಅಂತ ಯಾವ ಕಾನೂನು ಹೇಳಲಿಕ್ಕೆ ಬರುತ್ತದೆ?

ಬಾಡಿಗೆ ಮನೆಯ ಗಾಯ ನಮಗೆ ಹೊಸದಲ್ಲ. 1917ರಲ್ಲಿ ಬಾಬಾಸಾಹೇಬರು ಅಮೆರಿಕದ ಓದು ಮುಗಿಸಿ, ಲಂಡನ್ ಓದು ಅರ್ಧಕ್ಕೆ ನಿಲ್ಲಿಸಿ ಬರೋಡಾ ಸಂಸ್ಥಾನದ ನೌಕರಿಗೆ ಬಂದಾಗ ಇರಲು ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದರು. ಗೊತ್ತಾದ ಮೇಲೆ ಬಡಿಗೆ ಹಿಡಿದವರು ಬಂದು ಖಾಲಿ ಮಾಡಿಸಿದರು. ಇಬ್ಬರು ಗೆಳೆಯರನ್ನು ಕೇಳಿದರು, ಒಬ್ಬ ಹಿಂದೂ, ಒಬ್ಬ ಕ್ರಿಶ್ಚಿಯನ್. ಇಬ್ಬರೂ ಒಳ್ಳೆಯವರೇ. ಇಬ್ಬರ ಮನೆಯಲ್ಲೂ ಅನಾನುಕೂಲ ಇತ್ತು. ಒಬ್ಬರಲ್ಲಿ ಆಳುಗಳು ಬಿಟ್ಟು ಹೋಗುತ್ತಾರೆ, ಇನ್ನೊಬ್ಬರಲ್ಲಿ ಹೆಂಡತಿಯನ್ನು ಕೇಳಬೇಕು. ನಮಗೆ ಬಂದ ಫೋನಿನಲ್ಲಿ ಆಳುಗಳ ಬದಲು ಇಲಿ ಇದ್ದವು, ಅಷ್ಟೇ ವ್ಯತ್ಯಾಸ. ಅದೇ ಬಾಬಾಸಾಹೇಬರು 1921–22ರಲ್ಲಿ ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆಯಲ್ಲಿ ಬಾಡಿಗೆಗೆ ಇದ್ದರು. ಆ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರಕಾರ ಕೊಂಡು ಸ್ಮಾರಕ ಮಾಡಿದೆ. ಮನೆ ಕಟ್ಟಿಸಿದವರ ಹೆಸರು ನಮಗೆ ಯಾರಿಗೂ ಗೊತ್ತಿಲ್ಲ. ಬಾಡಿಗೆಗಿದ್ದವರ ಹೆಸರಿನಲ್ಲಿ ಒಂದು ಮನೆ ಉಳಿಯಬಹುದು ಅಂತ ನನಗೆ ಆ ಮನೆಯ ಫೋಟೋ ನೋಡಿದಾಗ ಅನಿಸಿತು.

ಅದಕ್ಕೇ ವಾಡೇ ಕೆಡವಿ ಅನ್ನುವವಳಲ್ಲ ನಾನು. ಇರಲಿ, ಚೆನ್ನಾಗಿ ಇರಲಿ. ಸಿರಸಂಗಿಗೆ ಹೋದರೆ ಲಿಂಗರಾಜ ದೇಸಾಯರ ವಾಡೇ ನೋಡುತ್ತೀರಿ. 1906ರಲ್ಲಿ ತೀರಿಕೊಂಡ ಅವರು ಆಸ್ತಿಯನ್ನು ವಿದ್ಯೆಗೆ ಬರೆದಿಟ್ಟು ಹೋದರು. ಅದು ತಮ್ಮ ಸಮಾಜದ ಮಕ್ಕಳ ವಿದ್ಯೆಗೆ ಅನ್ನುವುದನ್ನೂ ಮರೆಯಬಾರದು, ಕೊಟ್ಟರು ಅನ್ನುವುದನ್ನೂ ಮರೆಯಬಾರದು. ಕಿತ್ತೂರಿನ ಬಿದ್ದ ಅರಮನೆ ಗೋಡೆಗಳನ್ನು ಕಾಯ್ದಿದ್ದಾರೆ, ಸರಿ. ಆದರೆ ಧಾರವಾಡಕ್ಕೆ ಪೇಡೆ ತರಲು ಹೋದವರು ಯಾರಾದರೂ, ಬಾಬಾಸಾಹೇಬರು 1929ರಲ್ಲಿ ಅದೇ ಊರಲ್ಲಿ ನಮ್ಮ ಹುಡುಗರ ಓದಿಗಾಗಿ ಸುರು ಮಾಡಿಸಿದ ವಸತಿನಿಲಯ ಎಲ್ಲಿದೆ ಅಂತ ಕೇಳಿದ್ದೀರಾ? ಕೊಪ್ಪದಕೇರಿಗೆ ಹೋಗಿ ನೋಡಿ ಬನ್ನಿ. ಅದರ ಮೇಲೆ ಯಾರೂ ರೀಲ್ ಮಾಡಿಲ್ಲ. ತಪ್ಪು ನಮ್ಮದೂ ಇದೆ.

ನನ್ನ ಬೇಡಿಕೆ ಸಣ್ಣದು. ಆ ವಾಡೇದ ಅಂಗಡಿಯಲ್ಲಿ ಮನೆತನದ ಇತಿಹಾಸ ಬರೆದು ಫ್ರೇಮ್ ಹಾಕಿ ತೂಗುಹಾಕಿದ್ದಾರೆ. ಯಾವ ಇಸವಿ, ಎಷ್ಟು ಕಂಬ, ಎಲ್ಲಿಯ ಕಟ್ಟಿಗೆ. ಅದರ ಕೆಳಗೆ ಎರಡು ಸಾಲು ಸೇರಿಸಿರಿ: ಈ ಮನೆಗೆ ಹಿತ್ತಲ ಬಾಗಿಲು ಒಂದಿತ್ತು, ಅಲ್ಲಿ ಇಂಥವರು ನಿಲ್ಲುತ್ತಿದ್ದರು. ಆ ಬಾಗಿಲು ಈಗಲೂ ಇದೆ, ಖಾಲಿ ಡಬ್ಬಿ ಇಡಲು ಬಳಸುತ್ತಾರೆ. ಹೊಸ್ತಿಲ ಕಲ್ಲು ನಮ್ಮ ಕಡೆ ಬದಿಯಲ್ಲಿ ಸವೆದಿದೆ.

ಈಗ ನಮ್ಮ ಅಂಗಡಿಯ ಸುದ್ದಿ. ಪುರಸಭೆ ಮಳಿಗೆ ಹರಾಜಿನಲ್ಲಿ ನಮಗೆ ಮೀಸಲು ಇರುತ್ತದೆ. ಆ ಮಳಿಗೆ ನಮ್ಮವರ ಹೆಸರಲ್ಲಿ ಹಿಡಿದು ಬೇರೆಯವರು ನಡೆಸುವ ಚಾಳಿ ಎಲ್ಲರಿಗೂ ಗೊತ್ತು, ಈ ಸಲ ನಾವೇ ಹಿಡಿದು ನಾವೇ ಕೂರುವುದು ಅಂತ ಠರಾಯಿಸಿದ್ದೇವೆ. ಅರ್ಜಿ ತಯಾರಿದೆ. ಜಗಳ ಎದ್ದಿರುವುದು ಬೋರ್ಡಿನ ಮೇಲೆ.

ನಾನು ಅಂದದ್ದು ರಮಾಬಾಯಿ ಹೆಸರು ಇಡೋಣ, ಪಕ್ಕಕ್ಕೆ ರಮಾಯಿಯ ಫೋಟೋ. ಕುಳ್ಳು ತಟ್ಟಿ, ಮಾರಿ ಗಂಡನನ್ನು ಓದಿಸಿದ ತಾಯಿ, ನಮ್ಮವ್ವನ ಹಂಗೆ. ತಂಗಿ ಒಪ್ಪುತ್ತಿಲ್ಲ. ‘ನಿನಗ ಒಂದನೇ ತಾರೀಖಿಗೆ ಪಗಾರ ಬೀಳ್ತೈತಿ ಅಕ್ಕಾ. ನೀ ಹೆಸರು ಹಾಕಿ ಹೋರಾಟ ಮಾಡ್ತಿ. ನಾವು ಹನ್ನೊಂದು ಮಂದಿ ರೊಟ್ಟಿ ಉಳೀತಂದ್ರ ಸಂಜೀಕ ಅದನ್ನ ಉಣ್ಣಬೇಕು’ ಅಂದಳು. ಆಕೆಗೆ ‘ಅನ್ನಪೂರ್ಣಾ’ ಅಂತ ಇಡಬೇಕು, ಮೊದಲು ಗಿರಾಕಿ ಬರಲಿ, ರುಚಿ ಹತ್ತಲಿ, ಆಮೇಲೆ ನೋಡೋಣ. ನಾನು ಬರೋಡಾದ ಕಥೆ ಹೇಳಿದೆ, ಹೆಸರು ಮುಚ್ಚಿಟ್ಟರೆ ಒಂದು ದಿನ ಬಡಿಗೆ ಬರುತ್ತದೆ ಅಂದೆ. ‘ಬಾಬಾಸಾಹೇಬರೂ ಮೊದಲ ಹೆಸರು ಮುಚ್ಚೇ ಒಳಗ ಹೋಗಿದ್ರಲ್ಲ’ ಅಂದಳು. ಓದಿಲ್ಲ ಅವಳು, ಏಳನೇತ್ತೆಗೆ ಬಿಟ್ಟವಳು. ಮಾತಿಗೆ ನಾನು ಸೋತೆ. ಮನಸ್ಸಿನಲ್ಲಿ ಇನ್ನೂ ಸೋತಿಲ್ಲ.

ಈ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು, ಅದರಲ್ಲೂ ಅಂಗಡಿ ಇಟ್ಟು ನಡೆಸಿದ ನಮ್ಮವರದು. ಬರೀ ಲೈಕ್ ಒತ್ತಿ ಹೋಗಬೇಡಿ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ ಕಡೆಯವರಿಗೆ ಬಸ್ಸಿಗೆ ಹಾಕಿ ಮಾಲು ಕಳಿಸುತ್ತೇವೆ, ಇನ್‌ಬಾಕ್ಸಿಗೆ ಬರೆಯಿರಿ. ಜೋಳದ ರೊಟ್ಟಿ ಬೇಕಾದಷ್ಟು ಇದೆ. ಶೇಂಗಾ ಚಟ್ನಿ ಈ ವಾರ ಮುಗಿದಿದೆ, ಗುರೆಳ್ಳು ಐತಿ.